ಬೆಳಕಿಂಡಿಯಿಂದ ಇಳಿದ ದನಿ

ನಮ್ಮ ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಅದು ಅಪ್ಪನ ತಾಯಿ, ನಮ್ಮ ಆಯಿ, ಹಾಕಿದ ಕಟ್ಟಳೆ ಎಂದು ನನಗೆ ತಿಳಿದದ್ದು ಸಾಲೆಗೆ ಹೋಗತೊಡಗಿದ ಮೇಲೆ. ಅಲ್ಲಿಯವರೆಗೆ ಎಲ್ಲರ ಮನೆಯೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಬಾದಾಮಿಯ ನಮ್ಮ ಓಣಿಯಲ್ಲಿ ನಸುಕಿಗೆ ಬೀಸುವ ಕಲ್ಲುಗಳು ತಿರುಗತೊಡಗಿದರೆ ಎಡಗಡೆಯ ಮನೆಯಿಂದ ಒಂದು ಹಾಡು, ಬಲಗಡೆಯ ಮನೆಯಿಂದ ಇನ್ನೊಂದು ಹಾಡು ಏಳುತ್ತಿದ್ದವು. ನಡುವೆ ನಮ್ಮ ಅವ್ವ ಮಾತ್ರ ತುಟಿ ಬಿಗಿಹಿಡಿದು ಬೀಸುತ್ತಿದ್ದಳು. ಕಲ್ಲಿನ ಗರಗರ ಬಿಟ್ಟರೆ ಬೇರೆ ಸದ್ದಿಲ್ಲ. ಪಂಚಮಿಯಲ್ಲಿ ಜೋಕಾಲಿ ಆಡಲು ನನ್ನನ್ನು ನೆರೆಮನೆಗೆ ಕಳಿಸುತ್ತಿದ್ದರು. ಅಲ್ಲಿ ಹುಡುಗಿಯರೆಲ್ಲ ಹಾಡುವಾಗ ನಾನು ಬಾಯಿ ಅಲ್ಲಾಡಿಸುತ್ತಿದ್ದೆ, ದನಿ ಹೊರಡುತ್ತಿರಲಿಲ್ಲ. ಒಮ್ಮೆ ಸಾಲೆಯಲ್ಲಿ ಕಲಿತ ಪದ್ಯವೊಂದನ್ನು ರಾಗ ಮಾಡಿ ಹೇಳುತ್ತ ಮನೆಯೊಳಗೆ ಬಂದಾಗ ಅವ್ವ ಅಡಿಗೆಮನೆಯಿಂದ ಓಡಿ ಬಂದು ನನ್ನ ಬಾಯಿಗೆ ಹಿಟ್ಟಿನ ಕೈ ಒತ್ತಿದಳು. ಜೋಳದ ಹಿಟ್ಟಿನ ಆ ರುಚಿ ನನಗೆ ಇನ್ನೂ ನೆನಪಿದೆ. ನಡುಮನೆಯಲ್ಲಿ ಕುಳಿತಿದ್ದ ಆಯಿ ನಮ್ಮಿಬ್ಬರ ಕಡೆ ಮುಖ ತಿರುಗಿಸಿದಳು. ಅವಳ ಕಣ್ಣುಗಳಲ್ಲಿ ಆಗಲೇ ಪೊರೆ ಬಂದಿತ್ತು. ಯಾರನ್ನೇ ಆದರೂ ಅವಳು ನೋಡುತ್ತಿದ್ದದ್ದು ಕಿವಿಯಿಂದ.

ಮನೆ ಗುಡ್ಡದ ಬುಡದಲ್ಲಿತ್ತು, ಕೆರೆಗೆ ಹತ್ತಿರ. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ನಡುವೆ ಕತ್ತಲೆಯ ನಡುಮನೆ, ಹಿಂದೆ ಅಡಿಗೆಮನೆ. ನಡುಮನೆಗೆ ಕಿಟಕಿಯಿರಲಿಲ್ಲ. ಮಾಳಿಗೆಯಲ್ಲಿ ಕೊಡದ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ, ಅದರಿಂದ ಬೀಳುವ ಬಿಸಿಲಿನ ಕಂಬದ ಪಕ್ಕದಲ್ಲಿ ಆಯಿಯ ಚಾಪೆ. ಕೆರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಒಂದು ಸಲ ಬಡಿದರೆ ಆ ಕಡೆಯ ಬಂಡೆ ಅದನ್ನು ಮತ್ತೊಮ್ಮೆ ಬಡಿದು ಹೇಳುತ್ತಿತ್ತು. ಹಾಗಾಗಿ ಎಷ್ಟು ಮಂದಿ ಒಗೆಯುತ್ತಿದ್ದಾರೆಂದು ಮನೆಯೊಳಗೆ ಕುಳಿತವರಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಕಚೇರಿಯಲ್ಲಿ ಕಾರಕೂನ. ಅಪ್ಪನ ತಮ್ಮ ಸಂಗಪ್ಪ ಕಾಕಾ ಪಡಸಾಲೆಯ ಕಿಟಕಿಗೆ ಹೊಲಿಗೆ ಮಿಷನ್ನು ಹಚ್ಚಿಕೊಂಡು ಓಣಿಯ ಹೆಂಗಸರ ಖಣದ ಕುಪ್ಪಸ ಹೊಲಿಯುತ್ತಿದ್ದ. ಮದುವೆಯಾಗಿರಲಿಲ್ಲ. ಹಿಂದೆ ಎಂಟು ವರ್ಷ ನಾಟಕ ಕಂಪನಿಯಲ್ಲಿ ಹೆಣ್ಣಿನ ಪಾರ್ಟು ಮಾಡಿದ್ದನಂತೆ. ಕಂಪನಿ ಮುಚ್ಚಿ ಮನೆಗೆ ಬಂದ ಮೇಲೆ ಹಾಡುವುದಿರಲಿ, ಮಾತನ್ನೂ ಕಡಿಮೆ ಮಾಡಿದ್ದ. ಮಾತಾಡಿದರೆ ಗಂಡಸರ ದನಿಯೇ, ಸ್ವಲ್ಪ ಒಣಗಿದ್ದು. ಹೆಂಗಸರು ಅಳತೆ ಕೊಡುವಾಗ ಅವನು ಕಣ್ಣೆತ್ತದೆ ಟೇಪು ಹಿಡಿಯುವ ರೀತಿಗೆ ಓಣಿಯಲ್ಲಿ ಅವನ ಮೇಲೆ ವಿಶ್ವಾಸವಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ, ಎಪ್ಪತ್ತರ ದಶಕದ ನಡುವೆ, ಒಬ್ಬ ಬಿಳಿಯ ಸಾಹೇಬ ನಮ್ಮ ಮಾಳಿಗೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದ. ಗವಿಗಳ ಕಂಬಗಳ ಚಿತ್ರ ಬರೆದುಕೊಳ್ಳಲು ಬಂದವನು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದ, ನಮ್ಮ ಸಾಲೆಯ ಪಾಠದ ಹಾಗೆ ಮಾತಾಡುತ್ತಿದ್ದ. ಅವ್ವನನ್ನು ತಾಯಿ ಎನ್ನುತ್ತಿದ್ದ. ಅವಳು ಮೇಲೆ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿಯನ್ನು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು, ತಾಟು ತಾನೇ ತೊಳೆದು ಕೆಳಗೆ ತರುತ್ತಿದ್ದ. ಅವನ ಹತ್ತಿರ ಸೆಲ್ಲಿನ ಮೇಲೆ ನಡೆಯುವ ಒಂದು ಹಾಡಿನ ಪೆಟ್ಟಿಗೆ, ಅದರ ಮೇಲೆ ತಿರುಗಿಸುವ ಮೂರು ಕರಿಯ ಪ್ಲೇಟು ಇದ್ದವು. ಅದು ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಮಧ್ಯಾಹ್ನ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಆಯಿಯ ಹತ್ತಿರ ಕುಳಿತು ಬತ್ತಿ ಹೊಸೆಯುತ್ತಿದ್ದೆ. ಬೆಳಕಿಂಡಿಯಿಂದ ಒಂದು ಹೆಣ್ಣಿನ ದನಿ ಇಳಿಯಿತು. ನಾನು ಇಳಿಯಿತು ಎನ್ನುವುದು ಸುಮ್ಮನೆ ಅಲ್ಲ. ಅದು ಎತ್ತರದಲ್ಲಿ ಎಲ್ಲೋ ಶುರುವಾಗಿ, ಆಧಾರವಿಲ್ಲದೆ ನಿಂತು, ಒಂದೊಂದೇ ಮೆಟ್ಟಿಲು ಹುಡುಕಿಕೊಂಡು ಕೆಳಗೆ ಬರುವಂತಿತ್ತು. ಮಾತು ಯಾವುದೂ ತಿಳಿಯಲಿಲ್ಲ. ಅವ್ವನ ರೊಟ್ಟಿಯ ಸಪ್ಪಳ ನಿಂತಿತು. ಪಡಸಾಲೆಯ ಮಿಷನ್ನೂ ನಿಂತಿತು. ಆಯಿಯ ಕೈಯಲ್ಲಿದ್ದ ಅರಳೆ ನೆಲಕ್ಕೆ ಬಿತ್ತು.

"ಸಂಗಪ್ಪ ಎಲ್ಲಿದ್ದಾನ?" ಎಂದಳು ಆಯಿ.

"ಪಡಸಾಲ್ಯಾಗ ಅದಾನ್ರಿ ಅತ್ತಿ," ಎಂದಳು ಅವ್ವ, ಬಾಗಿಲಿಗೆ ಬಂದು.

"ನೋಡಿ ಹೇಳು."

"ನೋಡೇ ಹೇಳಾಕತ್ತೇನ್ರಿ. ಇಲ್ಲೇ ಕುಂತಾನ."

ಆಯಿ ಮುಖವನ್ನು ಬೆಳಕಿಂಡಿಗೆ ಎತ್ತಿದಳು. ಬಿಸಿಲು ನೇರ ಅವಳ ಪೊರೆಗಣ್ಣಿನ ಮೇಲೆ ಬಿದ್ದಿತ್ತು, ಅವಳು ರೆಪ್ಪೆ ಮಿಟುಕಿಸಲಿಲ್ಲ.

ಸಾಹೇಬ ಯಾರೋ ಹೆಂಗಸನ್ನು ಖೋಲಿಯೊಳಗೆ ಕರೆದುಕೊಂಡು ಬಂದಿದ್ದಾನೆ ಎಂದು ಅವ್ವನ ಅನುಮಾನ. ಸಂಜೆ ಅಪ್ಪ ಕಚೇರಿಯಿಂದ ಬಂದೊಡನೆ ಮಾತು ಅವನ ಕಿವಿಗೆ ಬಿತ್ತು. ಅಪ್ಪ ಕೋಟು ಬಿಚ್ಚದೆ ನಿಚ್ಚಣಿಕೆ ಹತ್ತಿದ, ಹಿಂದೆ ಕಾಕಾ, ಅವನ ಹಿಂದೆ ನಾನು. ಸಾಹೇಬ ನಾಚಿಕೊಂಡು ಪೆಟ್ಟಿಗೆ ತೆರೆದು ತೋರಿಸಿದ. ಪ್ಲೇಟು ತಿರುಗಿಸಿ ಮುಳ್ಳು ಇಟ್ಟ. ಅದೇ ದನಿ.

"ಹಾಡೂ ಹೆಣಮಗಳು ಭಾಳ ಚಂದ ಹಾಡ್ತಾಳ," ಎಂದ ಅಪ್ಪ, ನೆಮ್ಮದಿಯಾಗಿ.

"ಹೆಣಮಗಳಲ್ಲ ಅಣ್ಣಾ," ಎಂದ ಕಾಕಾ. "ಇಂವ ಗಂಡಸು."

"ಹುಚ್ಚರಂಗ ಮಾತಾಡಬ್ಯಾಡ."

"ಉಸಿರು ಕೇಳು. ಎದಿ ದೊಡ್ಡದೈತಿ, ದನಿ ಸಣ್ಣ ಮಾಡ್ಯಾನ. ಹೆಂಗಸಿನ ಉಸಿರು ಇಷ್ಟು ಕೆಳಗಿಂದ ಬರೂದಿಲ್ಲ."

ಸಾಹೇಬ ಕಾಕಾನನ್ನು ಬೆರಗಾಗಿ ನೋಡಿದ. ಆಮೇಲೆ ಪ್ಲೇಟಿನ ರಟ್ಟಿನ ಹೊದಿಕೆ ತೋರಿಸಿದ. ಅದರ ಮೇಲೆ ಗಡ್ಡ ಬಿಟ್ಟ ಎತ್ತರದ ಗಂಡಸಿನ ಚಿತ್ರ. ಮೂರು ಹೊದಿಕೆಗಳ ಮೇಲೂ ಅವನೇ.

"ಇವರು ಮಾತನಾಡುವ ಧ್ವನಿ ಬೇರೆ, ಹಾಡುವ ಧ್ವನಿ ಬೇರೆ," ಎಂದ ಸಾಹೇಬ. "ಇದು ನಾಟಕದ ಹಾಡಲ್ಲ. ಇನ್ನೂರೈವತ್ತು ವರ್ಷಗಳ ಹಿಂದೆ ಮನೆಯ ಕೋಣೆಗಳಲ್ಲಿ, ನಾಲ್ಕು ಜನರ ಮುಂದೆ ಹಾಡುತ್ತಿದ್ದದ್ದು. ಹಾಡುವವನು ಒಬ್ಬ, ಜೊತೆಗೆ ಎರಡು ಮೂರು ವಾದ್ಯ, ಅಷ್ಟೇ."

"ಹಾಡಿನ್ಯಾಗ ಏನೈತ್ರಿ?" ಎಂದು ಕೇಳಿದ ಕಾಕಾ.

"ಒಬ್ಬನು ಅವಳಿಗಾಗಿ ಕಾಯುತ್ತಾನೆ. ಅವಳು ಬರುವುದಿಲ್ಲ. ಅವನು ಹೊಳೆಯನ್ನು ಕೇಳುತ್ತಾನೆ, ಗಾಳಿಯನ್ನು ಕೇಳುತ್ತಾನೆ."

ಅವತ್ತಿನಿಂದ ಕಾಕಾ ಸಂಜೆಯ ಹೊತ್ತು ಮಿಷನ್ನಿಗೆ ಬಟ್ಟೆ ಮುಚ್ಚಿ ಮಾಳಿಗೆ ಹತ್ತತೊಡಗಿದ. ನಾನೂ ಜೊತೆಗೆ. ಸಾಹೇಬ ಚಿತ್ರಗಳನ್ನು ತಿದ್ದುತ್ತ ಕುಳಿತಿರುತ್ತಿದ್ದ, ಕಾಕಾ ನೆಲದ ಮೇಲೆ ಗೋಡೆಗೆ ಬೆನ್ನುಕೊಟ್ಟು ಕಣ್ಣು ಮುಚ್ಚುತ್ತಿದ್ದ. ಮೊದಲು ದನಿ ಹಾಡದೆ, ಮಾತಾಡದೆ, ಎರಡರ ನಡುವೆ ನಡೆಯುತ್ತಿತ್ತು. ಹಿಂದೆ ಒಂದು ದೊಡ್ಡ ಪಿಟೀಲಿನ ಎಳೆತ, ತಂತಿಗಳನ್ನು ಮೀಟಿದಂತೆ ಕೇಳುವ ಇನ್ನೊಂದು ವಾದ್ಯ. "ಇದು ಮಾತು," ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳುತ್ತಿದ್ದ, "ಈಗ ಪದ ಬರ್ತೈತಿ ನೋಡು." ಪದ ಬರುತ್ತಿತ್ತು. ಅದರ ಮೊದಲ ನುಡಿ, ಆಮೇಲೆ ಇನ್ನೊಂದು ನುಡಿ, ಮತ್ತೆ ಮೊದಲನೆಯದೇ ತಿರುಗಿ. "ಅದ ನುಡಿ ಖರೆ," ಎನ್ನುತ್ತಿದ್ದ ಕಾಕಾ. "ಆದ್ರ ಈ ಸಲ ಹೆಂಗ ಹಾಡಿದ ಕೇಳಿದೇನು? ಮೊದಲ ಆಕಿ ಬರ್ತಾಳಂತ ಹಾಡಿದ್ದ. ಈಗ ಬರೂದಿಲ್ಲಂತ ಗೊತ್ತಾಗೇತಿ." ಕಾಕಾ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನ ತುಟಿ ಅಲುಗುತ್ತಿತ್ತು, ಗಂಟಲು ಏರಿಳಿಯುತ್ತಿತ್ತು. ದನಿ ಮಾತ್ರ ತೆಗೆಯಲಿಲ್ಲ.

ಯಾಕೆ ತೆಗೆಯುವುದಿಲ್ಲ ಎಂದು ನಾನು ಅವ್ವನನ್ನು ಕೇಳಿದೆ. ಅವಳು ಆಯಿ ಮಲಗಿರುವುದನ್ನು ಖಾತ್ರಿ ಮಾಡಿಕೊಂಡು, ಕಾಳು ಕೇರುತ್ತ, ಸಣ್ಣ ದನಿಯಲ್ಲಿ ಹೇಳಿದಳು. ಅಪ್ಪನಿಗೂ ಕಾಕಾನಿಗೂ ನಡುವೆ ಹುಟ್ಟಿದ ಮಗಳೊಬ್ಬಳು ಆಯಿಗೆ ಇದ್ದಳು, ನೀಲವ್ವ. ಓಣಿಯಲ್ಲಿ ಅವಳಷ್ಟು ಚೆನ್ನಾಗಿ ಬೀಸುವ ಪದ ಹಾಡುವವರು ಇರಲಿಲ್ಲ. ಬೀಸುವಾಗ ಕಲ್ಲಿನ ಎದುರು ಬದಿಗೆ ಕುಳಿತು ಗೂಟ ಹಿಡಿಯುತ್ತಿದ್ದದ್ದು ಸಂಗಪ್ಪ, ಆಗ ಹನ್ನೆರಡು ವರ್ಷದವನು. ಹದಿನಾರಕ್ಕೆ ನೀಲವ್ವ ಎರಡು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ತಿಂಗಳೂ ಆಗಿರಲಿಲ್ಲ, ಒಂದು ಮುಂಜಾನೆ ಆಯಿ ಕೆರೆಯಿಂದ ನೀರು ಹೊತ್ತು ಬರುತ್ತಿದ್ದಾಗ ಮನೆಯೊಳಗಿಂದ ನೀಲವ್ವನ ಹಾಡು ಕೇಳಿತು. ಕೊಡ ಒಗೆದು ಒಳಗೆ ಓಡಿದಳು. ಕಲ್ಲಿನ ಮುಂದೆ ಸಂಗಪ್ಪ ಒಬ್ಬನೇ ಕುಳಿತು ಬೀಸುತ್ತಿದ್ದ.

"ಎಂಟು ದಿನ ಅತ್ತಿ ಹಾಸಿಗಿ ಬಿಟ್ಟು ಏಳಲಿಲ್ಲಂತ," ಎಂದಳು ಅವ್ವ. "ಅವತ್ತಿಂದ ಈ ಮನ್ಯಾಗ ಹಾಡಿಲ್ಲ. ನಿಮ್ಮ ಕಾಕಾ ಓಡಿ ಹೋಗಿ ಕಂಪನಿ ಸೇರಿದ. ತಿರುಗಿ ಬಂದಾಗ ಅತ್ತಿ ಆಣಿ ಮಾಡಿಸ್ಯಾರ. ನಾ ಇರೂತನಕ ಆ ದನಿ ತಗೀಬ್ಯಾಡ ಅಂತ."

ಈ ಮಾತು ಕೇಳಿದ ಮೇಲೆ ಮಾಳಿಗೆಯ ಹಾಡು ನನಗೆ ಮೊದಲಿನಂತೆ ಕೇಳಲಿಲ್ಲ. ಪೆಟ್ಟಿಗೆ ಮುಚ್ಚಿದ್ದಾಗಲೂ ಆ ದನಿ ಇದೆ ಅನಿಸತೊಡಗಿತು. ಸಾಲೆಯಿಂದ ಬಂದು ನಡುಮನೆಗೆ ಕಾಲಿಟ್ಟರೆ, ಬಿಸಿಲಿನ ಕಂಬದಲ್ಲಿ ಧೂಳು ತಿರುಗುತ್ತಿದ್ದರೆ, ಈಗಷ್ಟೇ ಯಾರೋ ಹಾಡು ನಿಲ್ಲಿಸಿ ನಾನು ದಾಟಲೆಂದು ಕಾಯುತ್ತಿದ್ದಾರೆ ಅನಿಸುತ್ತಿತ್ತು. ನಾನು ನಡುಮನೆಯನ್ನು ಓಡಿ ದಾಟುತ್ತಿದ್ದೆ. ಆಯಿಗೂ ಹಾಗೇ ಆಗುತ್ತಿತ್ತೇನೋ. ಉಣ್ಣುವಾಗ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ಮುಖ ಮೇಲೆತ್ತುತ್ತಿದ್ದಳು. ಅವ್ವ ಅವಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು, ಸಾಹೇಬ ಗವಿಗೆ ಹೋಗಿದ್ದಾನೆ, ಪೆಟ್ಟಿಗೆ ಮುಚ್ಚಿದೆ ಎಂದು.

ಶಿವರಾತ್ರಿ ಕಳೆದ ಮೇಲೆ ಸಾಹೇಬನಿಗೆ ಊರಿಂದ ತಂತಿ ಬಂತು, ತಾಯಿಗೆ ಆರಾಮಿಲ್ಲವೆಂದು. ಹೊರಡುವ ಮುನ್ನ ಪೆಟ್ಟಿಗೆಯನ್ನೂ ಪ್ಲೇಟುಗಳನ್ನೂ ಕಾಕಾನ ಕೈಗೆ ಕೊಟ್ಟ. "ಮಳೆಗಾಲದ ನಂತರ ಬರುತ್ತೇನೆ. ಅಲ್ಲಿಯವರೆಗೆ ಇವು ತಮ್ಮ ಹತ್ತಿರ ಇರಲಿ," ಎಂದ. ಅವನು ಬರಲಿಲ್ಲ, ಕಾಗದವೂ ಬರಲಿಲ್ಲ. ಅವನಿಗೇನಾಯಿತೆಂದು ನಮಗೆ ಕೊನೆಗೂ ತಿಳಿಯಲಿಲ್ಲ.

ಅಪ್ಪ ಪೆಟ್ಟಿಗೆಯನ್ನು ಕಟ್ಟಿಡು ಎಂದ. ಕಾಕಾ ಹೂಂ ಎಂದ. ಆದರೆ ಶುಕ್ರವಾರ ಮುಂಜಾನೆ ಆಯಿ ನೆರೆಮನೆಯವರ ಜೊತೆ ಟಾಂಗಾದಲ್ಲಿ ಬನಶಂಕರಿಗೆ ಹೋಗುತ್ತಿದ್ದಳು. ಅವಳು ಅತ್ತ ಹೋದೊಡನೆ ಕಾಕಾ ಇತ್ತ ಮಾಳಿಗೆ ಹತ್ತುತ್ತಿದ್ದ. ಹೀಗೆ ನಾಲ್ಕೈದು ಶುಕ್ರವಾರ ನಡೆಯಿತು. ಒಂದು ಶುಕ್ರವಾರ ಕುದುರೆಯ ಕಾಲು ಉಳುಕಿ ಟಾಂಗಾ ಓಣಿಯ ತುದಿಯಿಂದಲೇ ತಿರುಗಿತು. ನಾನು ನಿಚ್ಚಣಿಕೆ ಇಳಿದಾಗ ಆಯಿ ಅದರ ಬುಡದಲ್ಲಿ ಕುಳಿತಿದ್ದಳು, ತಲೆಯನ್ನು ಗೋಡೆಗೆ ಆನಿಸಿ. ಎಷ್ಟು ಹೊತ್ತಿನಿಂದಲೋ. ಮೇಲೆ ಮೊದಲ ನುಡಿ ತಿರುಗಿ ಬರುತ್ತಿತ್ತು. ಅವಳು ಬೆರಳೆತ್ತಿ ನನಗೆ ಸುಮ್ಮನಿರು ಎಂದಳು. ಹಾಡು ಮುಗಿಯುವವರೆಗೂ ಕುಳಿತಿದ್ದು, ನನ್ನ ಭುಜ ಹಿಡಿದು ಎದ್ದು, ಮತ್ತೆ ಹೊರಗೆ ಹೋಗಿ ಅಂಗಳದಲ್ಲಿ ನಿಂತಳು. ಕಾಕಾ ಕೆಳಗಿಳಿದ ಮೇಲೆ ಆಗಷ್ಟೇ ಬಂದವಳ ಹಾಗೆ ಒಳಗೆ ಬಂದಳು.

ಮರುದಿನ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಇಟ್ಟಿದ್ದಳು. ಆಯಿ ನನ್ನನ್ನು ಚಾಪೆಗೆ ಕರೆದಳು.

"ಕಸ್ತೂರಿ, ಆ ಪ್ಲೇಟು ಅರಗಿನಂಗ ಅದಾವಂತ ಹೌದೇನು?"

"ಹೂಂ. ಬಿಸಿಲಿಗೆ ಇಡಬಾರದಂತ ಸಾಹೇಬ ಹೇಳ್ಯಾನ."

ಆಯಿ ಬೆಳಕಿಂಡಿಯ ಬಿಸಿಲಿಗೆ ಅಂಗೈ ಒಡ್ಡಿ ಕಾವು ನೋಡಿದಳು.

"ಸಂಡಿಗಿ ಕೂಡ ಅವನ್ನೂ ಬಿಸಿಲಿಗೆ ಇಟ್ಟು ಬಾ."

ನಾನು ಕದಲಲಿಲ್ಲ.

"ಆಕಿ ಬಂದು ಬಂದು ಹೋಗ್ತಾಳವ್ವ," ಎಂದಳು ಆಯಿ. "ಬಾ ಅಂದ್ರ ಕೆಳಗ ಬರೂದಿಲ್ಲ. ಹೋಗು ಅನ್ನಾಕ ನನಗ ಬಾಯಿ ಬರೂದಿಲ್ಲ. ನನ್ನ ಕೈಲೆ ಆಗವಲ್ದು."

ನಾನು ಹೋದೆ. ಅಪ್ಪ ಅಂದು ಕಚೇರಿಯಿಂದ ಬೇಗ ಬಂದು ಪಡಸಾಲೆಯಲ್ಲಿ ಅಡ್ಡಾಗಿದ್ದ, ಕಾಕಾ ಹೊಲಿದ ಬಟ್ಟೆ ಕೊಡಲು ಹೋಗಿದ್ದ. ಮೂರು ಪ್ಲೇಟುಗಳನ್ನು ಹೊದಿಕೆಯಿಂದ ತೆಗೆದು, ಸಂಡಿಗೆಯ ಸೀರೆಯ ಅಂಚಿಗೆ, ಮಾಳಿಗೆಯ ಕಾದ ಮಣ್ಣಿನ ಮೇಲೆ ಸಾಲಾಗಿ ಇಟ್ಟೆ. ಕರಿಯ ಮೈಮೇಲೆ ಬಿಸಿಲು ಗೆರೆಗೆರೆಯಾಗಿ ಹೊಳೆಯಿತು. ಬಾದಾಮಿಯ ಬೇಸಿಗೆ. ಒಂದು ತಾಸಿನಲ್ಲಿ ಅವು ಹಂಚಿನ ಮೇಲಿನ ಹಪ್ಪಳದಂತೆ ಅಂಚು ಎತ್ತಿದವು. ಆಮೇಲೆ ತಣ್ಣಗಾಗಲು ಬಿಟ್ಟು ಮತ್ತೆ ಹೊದಿಕೆಗೆ ಸೇರಿಸಿದೆ, ಸೇರಿದಷ್ಟು.

ಕಾಕಾ ನೋಡಿದ್ದು ಸಂಜೆ. ಮೂರರಲ್ಲಿ ಕಡಿಮೆ ಡೊಂಕಾಗಿದ್ದ ಒಂದನ್ನು ಹಚ್ಚಿದ. ಬೆಳಕಿಂಡಿಯಿಂದ ಆ ದನಿ ಬಂತು. ಮುಳ್ಳು ಏರಿದಾಗ ಚೀರಿ, ಇಳಿದಾಗ ನರಳಿ, ನೀರಿನಲ್ಲಿ ಮುಳುಗಿ ಏಳುವವರು ಕರೆಯುವಂತೆ. ಅವ್ವ ಕಿವಿ ಮುಚ್ಚಿಕೊಂಡಳು. ಆಯಿ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅದು ನಿಂತ ಮೇಲೆ ಕಾಕಾ ಕೆಳಗೆ ಬಂದು ಪಡಸಾಲೆಯಲ್ಲಿ ಅಪ್ಪನ ಎದುರಿಗೆ ನಿಂತ.

"ಅಣ್ಣಾ, ಪ್ಲೇಟು ಬಿಸಿಲಿಗೆ ಯಾರು ಇಟ್ರು?"

ಅಪ್ಪ ಅವನನ್ನು ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ.

"ನಾನೇ ಇಟ್ಟೇನಿ."

"ನೀ ಇಟ್ಟಿ?"

"ಕಟ್ಟಿಡು ಅಂತ ಹೇಳಿದ್ದೆ. ನೀ ಕೇಳಲಿಲ್ಲ."

"ಕಂಪನಿ ಬಿಟ್ಟೆ. ಹಾಡು ಬಿಟ್ಟೆ," ಎಂದ ಕಾಕಾ. ಅವನ ದನಿ ಏರಲಿಲ್ಲ. "ಯಾರೋ ಹಾಡೂದು ಕೇಳ್ಕೋತ ಕುಂತಿದ್ದೆ. ಅಷ್ಟೂ ಸೇರಲಿಲ್ಲ ನಿನಗ."

ಅಪ್ಪ ಸುಳ್ಳು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆಯಿಯ ಕೆಲಸವೆಂದು ತಿಳಿದು ಅವಳನ್ನು ಉಳಿಸುತ್ತಿದ್ದಾನೆ ಎಂದುಕೊಂಡೆ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿದೆ. ವಾರದೊಳಗೆ ಕಾಕಾ ಮಿಷನ್ನನ್ನು ಬಸ್ಸಿನ ಮೇಲೆ ಹೇರಿಕೊಂಡು ಇಳಕಲ್ಲಿಗೆ ಹೋದ. ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಪಡಸಾಲೆಯ ಕಿಟಕಿಯ ಕೆಳಗೆ ಮಿಷನ್ನಿನ ನಾಲ್ಕು ಕಾಲಿನ ಗುರುತು ಉಳಿಯಿತು, ಅವ್ವ ಎಷ್ಟು ಸಾರಿಸಿದರೂ ಹೋಗಲಿಲ್ಲ. ಮೂರು ವರ್ಷದ ಮೇಲೆ ಆಯಿ ತೀರಿಕೊಂಡಾಗ ಕಾಕಾ ಬಂದ, ಹೆಗಲು ಕೊಟ್ಟ, ಕೆರೆಯಲ್ಲಿ ಸ್ನಾನ ಮಾಡಿದ, ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದ. ಅಪ್ಪನ ಜೊತೆ ಒಂದು ಮಾತಾಡಲಿಲ್ಲ.

ನನಗೆ ಇಪ್ಪತ್ತಾದಾಗ ಮದುವೆ ಗೊತ್ತಾಯಿತು. ಅಪ್ಪ ಲಗ್ನಪತ್ರಿಕೆಗೆ ಹೆಸರು ಬರೆಯುತ್ತ ಕುಳಿತಿದ್ದ. ಕಾಕಾನ ಹೆಸರಿಗೆ ಬಂದು ಪೆನ್ನು ನಿಲ್ಲಿಸಿದ್ದು ಕಂಡಿತು. ಹತ್ತು ವರ್ಷ ಕಟ್ಟಿಕೊಂಡಿದ್ದನ್ನು ಅಲ್ಲಿ ಬಿಚ್ಚಿದೆ.

"ಅಪ್ಪಾ, ಆ ಪ್ಲೇಟು ಬಿಸಿಲಿಗೆ ಇಟ್ಟಾಕಿ ನಾನು."

ಅಪ್ಪ ಪೆನ್ನಿನ ಮುಚ್ಚಳ ಹಾಕಿದ.

"ನಾ ನೋಡೇನಿ ಅವತ್ತ," ಎಂದ. "ನೀ ಎರಡ ಸಲ ನಿಚ್ಚಣಿಕಿ ಹತ್ತಿ ಇಳಿದಿ, ಎರಡೂ ಸಲ ನನ್ನ ಕಡೆ ನೋಡದ ಓಡಿದಿ."

"ಮತ್ತ ಆಯಿ ಸಲುವಾಗಿ..."

"ಆಯಿ ಹೇಳ್ಯಾಳಂತ ನನಗ ಈಗ ಗೊತ್ತಾತು. ನಾ ನಿನ್ನ ಸಲುವಾಗಿ ಹೇಳಿದ್ದೆ."

ನಾನು ಅತ್ತೆ. ಅಪ್ಪ ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟ. ಎರಡು ದಿನದ ಮೇಲೆ ಮದುವೆಯ ಸೀರೆಗೆಂದು ಇಳಕಲ್ಲಿಗೆ ಹೊರಟೆವು.

ಕಾಕಾನ ಅಂಗಡಿ ಮಗ್ಗದ ಓಣಿಯಲ್ಲಿತ್ತು, ಅತ್ತ ಇತ್ತ ಎರಡೂ ಕಡೆ ಮಗ್ಗದ ಸಪ್ಪಳ. ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಏಳಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಟಾಂಗಾ ತಿರುಗಿದ್ದರಿಂದ ಹಿಡಿದು. ಅವನು ಕೈಯಲ್ಲಿದ್ದ ಹೊಲಿಗೆಯನ್ನು ಕೊನೆಯವರೆಗೂ ಓಡಿಸಿ, ದಾರ ಕತ್ತರಿಸಿ, ಅಪ್ಪನ ಕಡೆ ನೋಡಿದ.

"ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮನ್ಯಾಗ ಇರ್ತಿದ್ದಿ. ಆದ್ರ ಈ ಹುಡುಗಿ ಮಾರಿ ನೋಡ್ತಿದ್ದಿಲ್ಲ."

ಕಾಕಾ ಯೋಚಿಸಿದ. "ಹೌದು," ಎಂದ. "ನೋಡ್ತಿದ್ದಿಲ್ಲ."

ಆಮೇಲೆ ನನ್ನನ್ನು ಕೇಳಿದ, "ನಿಮ್ಮ ಆಯಿ ಹೇಳಿದ್ಲು, ಖರೆ. ನಿನಗೇನು ಅನಿಸಿತ್ತು?"

ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ನನಗೂ ಅದು ನಿಲ್ಲಬೇಕು ಅನಿಸಿತ್ತು ಕಾಕಾ," ಎಂದೆ. "ಹಚ್ಚದಿದ್ರೂ ಕೇಳ್ತಿತ್ತು. ಅಂಜಿಕಿ ಬರ್ತಿತ್ತು."

ಅವನು ಕತ್ತರಿಸಿದ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಂಡ.

"ನನಗೂ ಬರ್ತಿತ್ತು," ಎಂದ. "ಅಂಜಿಕಿ ಬಂದಷ್ಟೂ ಮತ್ತ ಹಚ್ಚತಿದ್ದೆ. ನೀಲಕ್ಕ ಸಿಕ್ಕಂಗ ಆಗ್ತಿತ್ತು. ನಿಮ್ಮ ಆಯಿ ಹೋದ ಮ್ಯಾಲ ಇನ್ನ ಆಣಿ ಇಲ್ಲಲ್ಲ ಅಂತ ಇಲ್ಲೇ ಬಾಗಿಲಾ ಹಾಕ್ಕೊಂಡು ಒಂದ್ಸಲ ಕುಂತೆ. ಬಾಯಿ ತಗದೆ. ಏನೂ ಬರಲಿಲ್ಲ."

ಅಪ್ಪ ಕಟ್ಟೆಯ ಮೇಲೆ ಕುಳಿತ. ಕಾಕಾ ಒಳಗಿಂದ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟ. ನಮಗೆ ಊಟ ಮಾಡಿಸಿದ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಬಂದ. ಅಣ್ಣ ತಮ್ಮ ಮುಂದೆ, ನಾನು ಹಿಂದೆ. ಮೊಣಕಾಲು ಹೇಗಿದೆ, ಹಲ್ಲು ಎಷ್ಟು ಉಳಿದಿವೆ, ಮಾಳಿಗೆ ಸೋರುತ್ತದೆಯೋ, ಈ ವರ್ಷ ಮಣ್ಣು ಹಾಕಿಸಿದೆಯೋ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಒಬ್ಬನು ಉತ್ತರ ಮುಗಿಸುವ ಮುನ್ನ ಇನ್ನೊಬ್ಬನ ಪ್ರಶ್ನೆ. ಬಾದಾಮಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಊರ ಹೆಸರು ಕೂಗಿದ. ಬೇವಿನ ಗಿಡದ ಕೆಳಗೆ ನಿಂತಿದ್ದ ಅವರಿಬ್ಬರಿಗೂ ಅದು ಕೇಳಲಿಲ್ಲ. ನಾನು ಹೇಳಲಿಲ್ಲ. ಬಸ್ಸು ಹೋಯಿತು.